ಧಾರೆಯ ಗಿಂಡಿ

ಮದುವೆಗೆ ಬೆಂಕಿ ಸಿಗಲಿಲ್ಲ. ಎಲ್ಲ ಶುರುವಾದದ್ದು ಅಲ್ಲಿಂದ.

ಯೋಕೋಹಾಮಾದಲ್ಲಿ ನಮ್ಮ ಮನೆಯ ಹತ್ತಿರವೇ ಇರುವ ಸಮುದಾಯ ಭವನವನ್ನು ಮಗಳ ಮದುವೆಗೆಂದು ಗೊತ್ತುಮಾಡಲು ಹೋಗಿದ್ದೆ. ಕೌಂಟರಿನಲ್ಲಿದ್ದ ನಿಶಿದಾ ಸಾನ್ ಎಂಬ ಹೆಂಗಸು ನಾನು ಹೇಳಿದ್ದನ್ನೆಲ್ಲ ಗೋಣು ಹಾಕುತ್ತ ಕೇಳಿಸಿಕೊಂಡು, ಕೊನೆಗೆ "ಸುಮಿಮಾಸೆನ್", ಕ್ಷಮಿಸಿ, ಎಂದು ತಲೆ ಬಾಗಿಸಿದರು. ಒಳಗೆ ಬೆಂಕಿ ಹಚ್ಚುವ ಹಾಗಿಲ್ಲ. ಹೋಮ ಬೇಡ ಬಿಡಿ, ಒಂದು ಹಣತೆ? ಅದೂ ಇಲ್ಲ. ಊದುಬತ್ತಿ? ತಲೆ ಇನ್ನಷ್ಟು ಬಾಗಿತು. ಈ ದೇಶದಲ್ಲಿ ತಲೆ ಎಷ್ಟು ಕೆಳಗೆ ಹೋಗುತ್ತದೋ 'ಇಲ್ಲ' ಅಷ್ಟು ಗಟ್ಟಿ ಎಂದರ್ಥ. ಇಷ್ಟು ವರ್ಷದಲ್ಲಿ ನಾನು ಸರಿಯಾಗಿ ಕಲಿತದ್ದು ಅದೊಂದೇ. ನೀರು ಚೆಲ್ಲಬಹುದಾ ಎಂದು ಕೇಳಿದೆ. ನೆಲಕ್ಕೆ ನೀಲಿ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡರೆ ನೀರಿಗೆ ಅಡ್ಡಿಯಿಲ್ಲ ಎಂದರು.

ಹಾಗಾಗಿ ಹೋಮ ಹೋಯಿತು, ಸಪ್ತಪದಿ ಹೋಯಿತು, ಉಳಿದದ್ದು ಧಾರೆ. ಅಪ್ಪ ಮಗಳ ಕೈ ಹಿಡಿಯುತ್ತಾನೆ, ಅಮ್ಮ ನೀರು ಎರೆಯುತ್ತಾಳೆ, ಮಗಳು ಆ ಮನೆಯವಳಾಗುತ್ತಾಳೆ. ನನಗೆ ಅಷ್ಟೇ ಸಾಕಾಗಿತ್ತು. ಏಕೆಂದರೆ ಧಾರೆ ಎರೆಯಲು ನನ್ನ ಬಳಿ ಗಿಂಡಿ ಇತ್ತು.

ತಾಮ್ರದ ಗಿಂಡಿ. ಒಂದು ಕೈಯಲ್ಲಿ ಹಿಡಿಯುವಷ್ಟು ಸಣ್ಣದು, ಮೂತಿ ಸ್ವಲ್ಪ ಸೊಟ್ಟ. ಕರಾವಳಿಯ ಕೆಳಮಜಲಿನಲ್ಲಿ ನನ್ನ ತವರಿನ ಹಿರಿಯರ ಮನೆ ಇತ್ತು, ಪಡುಮನೆ ಎಂದು. ಅಣ್ಣತಮ್ಮಂದಿರು ಪಾಲಾದಾಗ ನಮ್ಮ ಕವಲಿಗೆ ಬಂದ ಗಿಂಡಿಯಂತೆ ಇದು. ಮನೆ, ಗದ್ದೆ ಎಲ್ಲ ತಾತನ ಕಾಲಕ್ಕೇ ಕೈಬಿಟ್ಟು ನಾವು ಬೆಂಗಳೂರಿನವರಾದೆವು. ಗಿಂಡಿ ಮಾತ್ರ ಜೊತೆಗೆ ಬಂತು. ನಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ಧಾರೆ ಎರೆದದ್ದು ಇದರಿಂದಲೇ. ನನಗೂ ಇದರಿಂದಲೇ. ನಾನು ಜಪಾನಿಗೆ ಹೊರಟಾಗ ನನ್ನ ಅಪ್ಪ ಭೀಮಸೇನರಾಯರು ಇದನ್ನು ತಮ್ಮ ಹಳೆಯ ಪಂಚೆಯಲ್ಲಿ ಸುತ್ತಿ ಸೂಟ್‌ಕೇಸಿನ ನಡುವೆ ಇಟ್ಟಿದ್ದರು. ಅಪ್ಪ ಈಗಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿದಾಗಲೆಲ್ಲ ಅವರ ನೆನಪು ಬರುತ್ತಿತ್ತು.

ಮಗಳು ಸಂಜನಾ ಇಲ್ಲೇ ಬೆಳೆದವಳು, ತ್ಸುಕುಬಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಹುಡುಗ ನಿತೀಶ್ ಮೈಸೂರಿನವನು, ಒಕಾಜಾಕಿಯ ಸಂಶೋಧನಾ ಸಂಸ್ಥೆಯಲ್ಲಿ ಪೋಸ್ಟ್‌ಡಾಕ್. ಯಾವುದೋ ಸಮ್ಮೇಳನದಲ್ಲಿ ಊಟದ ಸಾಲಿನಲ್ಲಿ ನಿಂತಾಗ, ತನ್ನ ಅಮ್ಮನ ಹಿರಿಯರು ಕೆಳಮಜಲು ಎಂಬ ಊರಿನಿಂದ ಘಟ್ಟ ಹತ್ತಿ ಬಂದವರು ಎಂದನಂತೆ. ಕನ್ನಡದಲ್ಲಿ ಎರಡು ವಾಕ್ಯ ಜೋಡಿಸಲು ತಿಣುಕುವ ನನ್ನ ಮಗಳಿಗೆ ತಾತನ ಬಾಯಲ್ಲಿ ಕೇಳಿದ್ದ ಆ ಹೆಸರು ಮಾತ್ರ ನೆನಪಿತ್ತು. ಹಾಗೆ ಶುರುವಾದ ಮಾತು ಮದುವೆಯವರೆಗೆ ಬಂತು.

ನಿತೀಶನ ಮನೆಯವರು ದಲಿತರು ಎಂದು ತಿಳಿದಾಗ ಬೆಂಗಳೂರಿನ ನಮ್ಮ ಬಳಗ ಮೂಗು ಮುರಿಯಿತು. ಅಪ್ಪನ ತಮ್ಮ ದ್ವಾರಕಾನಾಥ ಚಿಕ್ಕಪ್ಪ ನನ್ನ ಫೋನನ್ನೇ ಎತ್ತಲಿಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುವುದು. ಒಬ್ಬೊಬ್ಬರಿಗೂ ಫೋನ್ ಮಾಡಿ ಬೆವರಿಳಿಸಿದೆ. ನಾವು ಯಾರಿಗೂ ಅನ್ಯಾಯ ಮಾಡದ ಮನೆತನದವರು, ಈಗ ಹೊಸದಾಗಿ ಶುರುಮಾಡುವುದು ಬೇಡ ಎಂದೆ. ಈ ಮಾತು ಆಡಿದ್ದು ನಾನೇ, ಇದೇ ಬಾಯಲ್ಲಿ. ಕೊನೆಗೆ ಎಲ್ಲರೂ ಬಾಲ ಮುದುರಿಕೊಂಡು ಒಪ್ಪಿದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮದುವೆಗೆ ಹತ್ತು ದಿನವಿರುವಾಗ ನಿತೀಶನ ತಾಯಿ ಜಯಮ್ಮನವರು ಮೈಸೂರಿನಿಂದ ಬಂದು ನಮ್ಮಲ್ಲೇ ಇಳಿದುಕೊಂಡರು. ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿ, ಹೆಡ್ಮಿಸ್ ಆಗಿ ನಿವೃತ್ತರಾದವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಾತು ಕಡಿಮೆ, ಆಡಿದ್ದು ಖಡಕ್ಕು. ನನಗೆ ಬಂದ ಕ್ಷಣವೇ ಇಷ್ಟವಾದರು. ಊಟವಾದ ಮೇಲೆ ಗಿಂಡಿಯನ್ನು ತಂದು ಮೇಜಿನ ಮೇಲಿಟ್ಟು, "ಇದೇ ನೋಡಿ, ನಮ್ಮ ಸಂಜನಾಗೆ ಧಾರೆ ಎರೆಯೋದು" ಎಂದೆ.

ಅವರು ಕೈಯನ್ನು ಮೇಜಿನಿಂದ ಹಿಂದಕ್ಕೆ ತೆಗೆದುಕೊಂಡರು.

"ಕೋಕಿಲಾ ಅವರೇ, ಬೇರೆ ಏನಾದ್ರೂ ಇಟ್ಕೊಳೋಣ್ವಾ? ಸ್ಟೀಲ್ ಚೊಂಬಾದ್ರೂ ಆಗುತ್ತೆ."

"ಯಾಕೆ?"

"ನಮ್ಮಲ್ಲಿ ಮದುವೆಗೆ ತಾಮ್ರ ಮುಟ್ಟಲ್ಲ. ಮದುವೆಗೆ ಅಂತಲ್ಲ, ಮನೆಗೇ ತರಲ್ಲ. ತಾಮ್ರ ಒಳಗೆ ಬಂದ್ರೆ ಮಗು ಹೊರಗೆ ಹೋಗುತ್ತೆ ಅಂತ ನಮ್ಮಜ್ಜಿ ಹೇಳೋರು. ಅವರಿಗೆ ಅವರ ಅಜ್ಜಿ ಹೇಳಿದ್ದಂತೆ." ಅವರಿಗೇ ನಾಚಿಕೆಯಾದಂತಿತ್ತು. "ನಾನು ನಂಬೋಳಲ್ಲ. ಇಂಥದ್ದೆಲ್ಲ ಸುಳ್ಳು ಅಂತ ಮಕ್ಕಳಿಗೆ ಪಾಠ ಮಾಡಿದೀನಿ. ಆದ್ರೂ ಇರೋನು ಒಬ್ಬ ಮಗ. ಮನಸ್ಸು ಒಪ್ಪಲ್ಲ ನೋಡಿ."

ನನಗೆ ಉರಿದುಹೋಯಿತು. ಬಳಗದವರೆಲ್ಲರ ಜೊತೆ ಜಗಳವಾಡಿ ಮದುವೆಯನ್ನು ಇಲ್ಲಿಗೆ ತಂದವಳು ನಾನು. ನನಗೆ ಸ್ಟೀಲ್ ಚೊಂಬಂತೆ. ಹೆಡ್ಮಿಸ್ಸಾಗಿದ್ದವರ ಮೂಢನಂಬಿಕೆ ನೋಡು ಎಂದು ಅಡುಗೆಮನೆಯಲ್ಲಿ ಗಂಡನ ಮುಂದೆ ಕುದಿದೆ. ನನ್ನ ಗಂಡ ಗುರುರಾಜ್ ತಟ್ಟೆ ಒರೆಸುತ್ತ, "ಚೊಂಬು ತಾನೇ, ಬಿಡೇ" ಎಂದರು. ಸಂಜನಾ ಬಂದು, "ಅಮ್ಮ, ಇಟ್ಸ್ ಜಸ್ಟ್ ಅ ಪಾಟ್. ಪ್ಲೀಸ್" ಎಂದಳು. ಅಪ್ಪ ಪಂಚೆಯಲ್ಲಿ ಸುತ್ತಿ ಕೊಟ್ಟದ್ದು ಇವಳಿಗೆ ಬರೀ ಪಾಟು. ಬಿಡುವುದಾದರೂ ಹೇಗೆ?

ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎನ್ನುತ್ತಾರಲ್ಲ, ಅದನ್ನು ಮಾಡಿದೆ. ಗಿಂಡಿ ಎಂಥ ಮನೆಯದು, ಎಷ್ಟು ಗೌರವದಿಂದ ಪಾಲಿಗೆ ಬಂದದ್ದು ಎಂದು ಜಯಮ್ಮನವರಿಗೆ ಕಿವಿಯಾರೆ ಕೇಳಿಸಿದರೆ ಒಪ್ಪುತ್ತಾರೆ ಅನ್ನಿಸಿತು. ಪಾಲಾದಾಗ ಬರೆದ ಪಾಲುಪಟ್ಟಿ ಚಿಕ್ಕಪ್ಪನ ದೇವರ ಕೋಣೆಯಲ್ಲಿತ್ತು. ನವರಾತ್ರಿಯಲ್ಲಿ ಸರಸ್ವತಿ ಪೂಜೆಯ ದಿನ ಪುಸ್ತಕಗಳ ಜೊತೆ ಅದನ್ನೂ ಮಣೆಯ ಮೇಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಹೂವೇರಿಸುವುದು ನಮ್ಮ ಮನೆಯ ಪದ್ಧತಿ. ನಾನು ಚಿಕ್ಕಂದಿನಲ್ಲಿ ಅದಕ್ಕೆ ಎಷ್ಟು ಸಲ ನಮಸ್ಕಾರ ಹಾಕಿದ್ದೇನೋ. ಯಾರೂ ಓದುತ್ತಿರಲಿಲ್ಲ. ಅದು ಮೋಡಿ ಅಕ್ಷರ, ಒಂದಕ್ಕೊಂದು ಹೆಣೆದುಕೊಂಡ ಹಳೆಯ ಬರವಣಿಗೆ, ತಾತನಿಗೇ ಬರುತ್ತಿರಲಿಲ್ಲ.

ಚಿಕ್ಕಪ್ಪನಿಗೆ ಫೋನ್ ಮಾಡಿದರೆ ಖುಷಿಯೋ ಖುಷಿ. "ಹೌದು, ಗೊತ್ತಾಗ್ಲಿ ಅವರಿಗೂ, ಎಂಥ ಮನೆ ಜೊತೆ ಸಂಬಂಧ ಬೆಳೆಸ್ತಿದಾರೆ ಅಂತ. ಒಂದೊಂದೇ ಫೋಟೋ ತೆಗೆದು ಕಳಿಸ್ತೀನಿ" ಎಂದರು.

ಮೋಡಿ ಓದಬಲ್ಲವಳು ಇಲ್ಲೇ ಇದ್ದಳು. ಸಂಜನಾಳ ಗೆಳತಿ ಸಾಹಿತ್ಯ, ಶಿವಮೊಗ್ಗದ ಹುಡುಗಿ, ತ್ಸುಕುಬಾದಲ್ಲಿ ಹಳೆಯ ಜಮೀನು ಕಾಗದಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ವಿಷಯ ಕೇಳಿ ಅವಳು ತಡವರಿಸಿದಳು.

"ಆಂಟಿ, ಫಸ್ಟ್ ನಾನೊಬ್ಳೇ ಓದ್ಕೋತೀನಿ. ಆಮೇಲೆ ನಿಮಗೆ ಹೇಳ್ತೀನಿ. ಇಂಥ ಪಾಲುಪಟ್ಟೀಲಿ ಏನೇನೋ ಇರುತ್ತೆ."

"ಏನಿರುತ್ತೆ? ಎಷ್ಟು ಬಂಗಾರ ಇತ್ತು ಅಂತಾನಾ? ಇರ್ಲಿ ಬಿಡಮ್ಮ, ಎಲ್ಲಾರೂ ಕೇಳ್ಲಿ."

ಆಫೀಸಿನಲ್ಲಿ ಮುರಾತಾ ಸಾನ್‌ಗೂ ಹೇಳಿಕೊಂಡೆ, ಮದುವೆಗೆ ಮುಂಚೆ ಮನೆತನದ ಹಳೆಯ ಕಾಗದ ಓದಿಸುತ್ತಿದ್ದೇನೆ ಎಂದು. ಅವರು ಟೀ ಲೋಟವನ್ನು ಕೆಳಗಿಟ್ಟರು. ಇಲ್ಲಿ ಒಂದು ಕಾಲದ ಕುಟುಂಬ ನೋಂದಣಿಯನ್ನು ಸರ್ಕಾರವೇ ಯಾರಿಗೂ ತೋರಿಸದೆ ಮುಚ್ಚಿಟ್ಟಿದೆ, ಜನ ಅದನ್ನು ಹುಡುಕಿ ಇವರ ಹಿರಿಯರು ಕೀಳು, ಅವರ ಹಿರಿಯರು ಮೇಲು ಎಂದು ಮದುವೆ ಮುರಿಯುತ್ತಿದ್ದರು ಎಂದರು. ನಮ್ಮ ಮನೆಯಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ ಎಂದು ನಾನು ನಕ್ಕೆ.

ಭಾನುವಾರ ಎಲ್ಲರೂ ಸೇರಿದರು. ನಿತೀಶ್ ಒಕಾಜಾಕಿಯಿಂದ ಬಂದ, ಸಾಹಿತ್ಯ ಬಂದಳು. ಗೊಜ್ಜವಲಕ್ಕಿ ಮಾಡಿದ್ದೆ, ಫಿಲ್ಟರ್ ಕಾಫಿ ಇಳಿಸಿದ್ದೆ. ಚಿಕ್ಕಪ್ಪ ಕಳಿಸಿದ ಫೋಟೋಗಳನ್ನು ಗುರುರಾಜ್ ಟಿವಿಗೆ ಹಾಕಿದರು. ಕಂದು ಹಾಳೆ, ಅಂಚಿನಲ್ಲೆಲ್ಲ ಕುಂಕುಮದ ಕಲೆ. ಗಿಂಡಿಯನ್ನು ನಾನು ಬೇಕೆಂದೇ ಟಿವಿಯ ಪಕ್ಕದಲ್ಲಿಟ್ಟು, ಮೂತಿಗೆ ಒಂದು ಸೇವಂತಿಗೆ ಸಿಕ್ಕಿಸಿದ್ದೆ. ಜಯಮ್ಮನವರು ಸೋಫಾದ ಆ ತುದಿಯಲ್ಲಿ ಕೂತರು.

ಸಾಹಿತ್ಯ ನಿಧಾನವಾಗಿ ಓದತೊಡಗಿದಳು. "ಹೇವಿಳಂಬಿ ಸಂವತ್ಸರದ ಕಾರ್ತಿಕ ಶುದ್ಧ ದಶಮಿ. ಪಡುಮನೆ ಅಣ್ಣ ವೆಂಕಪ್ಪಯ್ಯ, ತಮ್ಮ ನಾರಣಪ್ಪಯ್ಯ, ಉಭಯರೂ ಸ್ವಸಂತೋಷದಿಂದ ಒಪ್ಪಿ ಬರೆಸಿದ ಪಾಲುಪಟ್ಟಿ."

"ನಾರಣಪ್ಪಯ್ಯ ಅಂದ್ರೆ ನಮ್ಮ ಕವಲು" ಎಂದೆ ನಾನು, ಎಲ್ಲರ ಮುಖ ನೋಡುತ್ತ.

ಗದ್ದೆಗಳು ಬಂದವು, ಅವುಗಳ ಹೆಸರು ಬಂದವು. ಕಂಚಿನ ಕಾಲುದೀಪ ಬಂತು, ಕೊಪ್ಪರಿಗೆ ಬಂತು, ತೊಟ್ಟಿಲು ಬಂತು. ಒಂದೊಂದಕ್ಕೂ ನಾನು 'ಆಹಾ' ಎನ್ನುತ್ತಿದ್ದೆ. ಆಮೇಲೆ ದನಕರು. "ಎಮ್ಮೆ ಎರಡು. ಮುಂದೆ ಹುಟ್ಟುವ ಕರು ಉಭಯರಿಗೂ ಸಮ" ಎಂದು ಓದಿದ ಸಾಹಿತ್ಯ ಅಲ್ಲಿಗೆ ನಿಂತಳು. ಅವಳ ಕಣ್ಣು ಕೆಳಗಿನ ಸಾಲುಗಳ ಮೇಲೆ ಓಡುವುದು ಕಾಣುತ್ತಿತ್ತು.

"ಯಾಕಮ್ಮ, ಅಕ್ಷರ ಗೊತ್ತಾಗ್ತಿಲ್ವಾ?"

"ಗೊತ್ತಾಗ್ತಿದೆ ಆಂಟಿ." ಅವಳು ಒಂದು ಗುಟುಕು ನೀರು ಕುಡಿದು ಓದಿದಳು. "ಮೂಲದಾಳು. ಗಂಡು ತನಿಯ. ಗಂಡು ಐತ. ಮುದುಕ ದೂಮ, ಬೆಲೆಯಿಲ್ಲ. ಹೆಣ್ಣು ತುಕ್ರು, ಮುಂದೆ ಹುಟ್ಟುವ ಶಿಶು ಉಭಯರಿಗೂ ಸಮ."

ನನಗೆ ತಲೆಗೆ ಹೋಗಲೇ ಇಲ್ಲ ನೋಡಿ. "ಕೆಲಸದವರ ಹೆಸರನ್ನೂ ಮರೀದೆ ಬರೆಸಿದಾರೆ, ಎಷ್ಟು ಹಚ್ಚಿಕೊಂಡಿದ್ರು ಅಂತ" ಎಂದೆ. ಜಯಮ್ಮನವರ ಕಡೆ ತಿರುಗಿ, ನಗುತ್ತ ಎಂದೆ.

ಸಾಹಿತ್ಯ ತನ್ನ ಕೈಗಳನ್ನೇ ನೋಡಿಕೊಳ್ಳುತ್ತ ಹೇಳಿದಳು. "ಸಂಬಳದ ಕೆಲಸದವರಲ್ಲ ಆಂಟಿ. ಮೂಲದಾಳು ಅಂದ್ರೆ ಮನೆಗೆ ಸೇರಿದೋರು. ಮಾರಬಹುದಿತ್ತು, ಅಡ ಇಡಬಹುದಿತ್ತು, ಹೀಗೆ ಪಾಲೂ ಮಾಡಬಹುದಿತ್ತು. ಮಕ್ಕಳು ಹುಟ್ಟಿದ್ರೆ ಅವರೂ ಮನೆಗೇ."

"ಸ್ಲೇವ್ಸ್?" ಎಂದಳು ಸಂಜನಾ. "ಅಮ್ಮ, ನಮ್ಮನೇಲಿ ಸ್ಲೇವ್ಸ್ ಇದ್ರಾ?"

ಎಮ್ಮೆಗೆ ಬರೆದ ವಾಕ್ಯವನ್ನೇ ತುಕ್ರುವಿಗೂ ಬರೆದಿದ್ದಾರೆ ಎಂಬುದು ಆಗ ನನಗೆ ಹೊಳೆಯಿತು. ಅದೇ ಪದಗಳು, ಕರು ಎಂದಿದ್ದಲ್ಲಿ ಶಿಶು. ಆದರೆ ನನ್ನ ಬಾಯಿ ನನ್ನ ಮಾತು ಕೇಳಬೇಕಲ್ಲ. "ಆಗಿನ ಕಾಲದಲ್ಲಿ ಎಲ್ಲಾ ಕಡೆ ಇತ್ತೇನೋ" ಎಂದಿತು ಅದು. ಇಷ್ಟು ದಿನ ಬಳಗದವರ ಬಾಯಲ್ಲಿ ಕೇಳಿ ನಾನು ಉಗಿದಿದ್ದ ಮಾತು.

ಅಷ್ಟರಲ್ಲಿ ಗುರುರಾಜರ ಫೋನ್ ಸದ್ದು ಮಾಡಿತು. ಚಿಕ್ಕಪ್ಪ ಕೊನೆಯ ಹಾಳೆಯ ಫೋಟೋ ಕಳಿಸಿದ್ದರು. ಅದೂ ಟಿವಿಯಲ್ಲಿ ಮೂಡಿತು. ಸಾಹಿತ್ಯ ಒಂದು ಸಲ ಅದರ ಮೇಲೆ ಕಣ್ಣಾಡಿಸಿ, ರಿಮೋಟಿಗೆ ಕೈಚಾಚಿದಳು.

"ಇಲ್ಲಿಗೆ ಸಾಕು ಆಂಟಿ. ಪ್ಲೀಸ್."

ಸಾಕು ಎಂದುಬಿಡಬೇಕಿತ್ತು. ಆದರೆ ಕುಸಿಯುತ್ತಿದ್ದ ಮನೆಯಲ್ಲಿ ನನಗೆ ಹಿಡಿದುಕೊಳ್ಳಲು ಉಳಿದದ್ದು ಗಿಂಡಿ ಒಂದೇ. ಅಪ್ಪನ ಗಿಂಡಿಯಾದರೂ ಚೊಕ್ಕಟವಾಗಿರಲಿ ಎಂದು ಒಳಗೊಳಗೇ ಬೇಡಿಕೊಂಡೆ. "ಗಿಂಡಿ ಇನ್ನೂ ಬಂದಿಲ್ಲ, ಗಿಂಡಿ ಬರೋವರೆಗೂ ಓದು" ಎಂದೆ.

"ಓದಮ್ಮ" ಎಂದರು ಜಯಮ್ಮನವರೂ. ಅವರ ಧ್ವನಿ ತರಗತಿಯಲ್ಲಿ ಹೇಳುವಂತೆ ಸಮವಾಗಿತ್ತು.

ಸಾಹಿತ್ಯ ಓದಿದಳು.

"ತುಕ್ರು ತಮ್ಮನ ಪಾಲಿಗೆ. ಅಣ್ಣನ ಪಾಲಿಗೆ ಆಳು ಒಂದು ಕಡಿಮೆ ಬಂದ ಕಾರಣ, ತುಕ್ರುವಿನ ಮೊಲೆ ಬಿಡದ ಹೆಣ್ಣು ಶಿಶು ಒಂದು ಅಣ್ಣನ ಪಾಲಿಗೆ. ಆ ಶಿಶುವಿಗೆ ಬದಲು, ಮೂತಿ ಸೊಟ್ಟ ತಾಮ್ರದ ಗಿಂಡಿ ಒಂದು ತಮ್ಮನ ಪಾಲಿಗೆ. ಹೀಗೆ ಪಾಲು ಸರಿಯಾಯಿತು."

ಟಿವಿಯ ಪಕ್ಕದಲ್ಲಿ ಗಿಂಡಿ ಹೊಳೆಯುತ್ತಿತ್ತು. ಬೆಳಿಗ್ಗೆ ತಾನೇ ನಾನು ತಿಕ್ಕಿದ್ದೆ. ಸೊಟ್ಟ ಮೂತಿಯಲ್ಲಿ ಸೇವಂತಿಗೆ.

ಆ ಮೂತಿಯಿಂದ ಇಳಿದ ನೀರು ನನ್ನ ಕೈ ಮೇಲೆ ಬಿದ್ದಿತ್ತು. ನನ್ನ ಸೋದರತ್ತೆಯರ ಕೈ ಮೇಲೆ, ತಾತನ ಅಕ್ಕತಂಗಿಯರ ಕೈ ಮೇಲೆ. ಮಗಳನ್ನು ಕೊಡುವಾಗ ನಮ್ಮ ಮನೆಯಲ್ಲಿ ಎಲ್ಲರೂ ಅಳುತ್ತಿದ್ದರು, ಕರುಳು ಕಿತ್ತು ಬರುತ್ತದೆ ಎನ್ನುತ್ತಿದ್ದರು. ಯಾವ ಗಿಂಡಿ ಹಿಡಿದು ಅಳುತ್ತಿದ್ದೆವು? ಬಾಯಿಗೆ ಸೆರಗು ಹಿಡಿದೆ.

ನಿತೀಶ್ ಎದ್ದು ಬಾಲ್ಕನಿಗೆ ಹೋಗಿ, ಗಾಜಿನ ಬಾಗಿಲನ್ನು ಎಳೆದುಕೊಂಡ. ಸಂಜನಾ ಎದ್ದು ನಿಂತಳು, ಹೋಗಲೋ ಬೇಡವೋ ಎಂದು ತಿಳಿಯದೆ ಅಲ್ಲೇ ನಿಂತಳು.

ಜಯಮ್ಮನವರು ಕೇಳಿದರು, "ತುಕ್ರು ಇದ್ದದ್ದು ಯಾವ ಮನೇಲಿ ಅಂದೆ?"

"ತಮ್ಮನ ಮನೇಲಿ" ಎಂದಳು ಸಾಹಿತ್ಯ.

"ಗಿಂಡಿ ಇದ್ದ ಮನೇಲೇ."

"ಹೌದು."

ಅವರು ಎದ್ದು ಬಂದರು. ಸೇವಂತಿಗೆಯನ್ನು ತೆಗೆದು ಪಕ್ಕಕ್ಕಿಟ್ಟರು. ಮೊದಲು ಒಂದು ಬೆರಳಲ್ಲಿ ಮುಟ್ಟಿ, ಆಮೇಲೆ ಗಿಂಡಿಯನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡು, ತರಕಾರಿ ತೂಗುವವರ ಹಾಗೆ ಕೈಯನ್ನು ಸ್ವಲ್ಪ ಮೇಲೆ ಕೆಳಗೆ ಆಡಿಸಿದರು.

"ಇಷ್ಟೇನಾ" ಎಂದರು.

ಅವರು ಪಕ್ಕಕ್ಕಿಟ್ಟ ಸೇವಂತಿಗೆಯನ್ನು ನಾನು ಎತ್ತಿ ಮುಷ್ಟಿಯಲ್ಲಿ ಮುಚ್ಚಿಕೊಂಡೆ.

"ಇದೇ ತುಕ್ರು ನಮ್ಮೋಳು ಅಂತ ಬರೆದುಕೊಡೋಕೆ ನನ್ನ ಹತ್ರ ಏನೂ ಇಲ್ಲ" ಎಂದರು ಅವರು. "ಆದ್ರೆ ಆ ಊರು, ಈ ತಾಮ್ರ. ಅಜ್ಜಿಯ ಮಾತು ಬೇರೆ ಇನ್ನೆಲ್ಲಿಂದ ಬಂದಿರುತ್ತೆ, ಹೇಳಿ." ಗಿಂಡಿ ಅವರ ಕೈಯಲ್ಲೇ ಇತ್ತು. "ನಾನು ಬಿ.ಎಸ್ಸಿ ಓದ್ತಿದ್ದಾಗ ಯಾರೋ ನಮ್ಮನೆಗೆ ತಾಮ್ರದ ಚೊಂಬು ಉಡುಗೊರೆ ತಂದಿದ್ರು. ಅಜ್ಜಿ ನನ್ನ ಪುಟ್ಟ ತಂಗೀನ ಸೆರಗಲ್ಲಿ ಮುಚ್ಕೊಂಡು ಹಿತ್ತಲಿಗೆ ಓಡಿದ್ರು. ಚೊಂಬು ತಂದೋರು ಹೋಗೋವರೆಗೂ ಒಳಗೆ ಬರ್ಲಿಲ್ಲ. ಬಂದೋರ ಮುಂದೇನೇ ನಾನು ನಕ್ಕೆ. ಅಜ್ಜಿ, ತಾಮ್ರಕ್ಕೇನು ಕೈಕಾಲು ಇದೆಯಾ, ಮಗೂನ ಎತ್ಕೊಂಡು ಹೋಗುತ್ತಾ ಅಂತ ಹಿತ್ತಲಿಗೆ ಕೇಳೋ ಹಾಗೆ ಕೂಗಿದೆ."

ಅವರು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅತ್ತದ್ದು ನಾನು, ಗೊಳೋ ಎಂದು, ಮನೆಗೆ ಬಂದ ಅತಿಥಿಯೇ ಸಮಾಧಾನ ಮಾಡಬೇಕಾಗುವ ಹಾಗೆ. ಅವರು ಮಾಡಲು ಹೋಗಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ.

"ಬಿಸಾಕ್ತೀನಿ" ಎಂದೆ ಬಿಕ್ಕುತ್ತ. "ಈ ವಾರಾನೇ ಲೋಹದ ಕಸದ ದಿನ ಇದೆ. ಹಾಕಿಬಿಡ್ತೀನಿ."

"ಬಿಸಾಕಬೇಡಿ. ಬಿಸಾಕಿದ್ರೆ ನಿಮಗೆ ಹಗುರ ಆಗುತ್ತೆ, ಅಷ್ಟೇ." ಗಿಂಡಿಯನ್ನು ನನ್ನ ಮುಂದಿಟ್ಟರು. "ಇಲ್ಲೇ ಇರ್ಲಿ. ಹೂ ಇಡಬೇಡಿ, ನೀರು ತುಂಬಬೇಡಿ. ಯಾರಾದ್ರೂ ಕೇಳಿದ್ರೆ ಏನು ಅಂತ ಹೇಳಿ. ಪೂರ್ತಿ ಹೇಳಿ."

ಅವರು ಚಪ್ಪಲಿ ಹಾಕಿಕೊಂಡು ಹೊರಗೆ ಹೋದರು. ನಿತೀಶ್ ಅವರ ಹಿಂದೆ ಹೋದ. ಕಿಟಕಿಯಿಂದ ನೋಡಿದೆ, ತಾಯಿ ಮಗ ಕೊಂಬಿನಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತಿದ್ದರು. ಸಂಜೆ ನಿತೀಶ್ ಒಳಗೆ ಬಂದು ಬ್ಯಾಗ್ ಎತ್ತಿಕೊಂಡು, "ಬರ್ತೀನಿ ಆಂಟಿ" ಎಂದು ಒಕಾಜಾಕಿಗೆ ಹೊರಟ. ಮದುವೆಯ ಮಾತು ಎತ್ತಲಿಲ್ಲ. ಸಂಜನಾಳ ಕೈಯನ್ನು ಒಮ್ಮೆ ಹಿಡಿದು ಬಿಟ್ಟ.

ಅವಳು ನನ್ನ ಕಡೆ ತಿರುಗಿದಳು. "ಅಮ್ಮ, ಸಾಹಿತ್ಯ ಬೇಡ ಅಂದ್ಳು. ಟ್ವೈಸ್ ಬೇಡ ಅಂದ್ಳು. ಯಾಕೆ ಓದ್ಸಿದೆ, ಅವರ ಮುಂದೆ?" ಕಣ್ಣು ಕೆಂಪಾಗಿತ್ತು. ನಿತೀಶ್ ಇನ್ನು ಬರದಿದ್ದರೆ ತಪ್ಪು ಯಾರದ್ದು ಎಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ.

ಅದರ ನಡುವೆಯೇ ಚಿಕ್ಕಪ್ಪನ ಫೋನ್. "ಓದ್ಸಿದ್ಯಾ? ಏನಂದ್ರು?"

ಹೇಳಿದೆ.

"ಅದನ್ನ ಅವರ ಮುಂದೆ ಯಾಕೆ ಓದ್ಸೋಕೆ ಹೋದೆ, ಕೋಕಿಲಾ? ಆಗ ಕಾಲ ಹಾಗಿತ್ತು. ಹೋಗ್ಲಿ ಬಿಡು. ಇನ್ಯಾರ ಕಣ್ಣಿಗೂ ಬೀಳೋದು ಬೇಡ, ಸುಟ್ಟುಹಾಕ್ತೀನಿ."

ಸಿಟ್ಟು ಆಗ ಬಂತು ನೋಡಿ, ಸರಿಯಾದ ಜಾಗಕ್ಕೆ. "ಒಂದು ಚೂರು ಸುಟ್ಟರೂ ಮೊದಲನೇ ಫ್ಲೈಟ್ ಹಿಡ್ಕೊಂಡು ಬರ್ತೀನಿ ಚಿಕ್ಕಪ್ಪ, ನನ್ನ ಬಾಯಿ ನಿಮಗೆ ಗೊತ್ತಲ್ಲ" ಎಂದೆ. "ಇಷ್ಟು ವರ್ಷ ಕುಂಕುಮ ಹಚ್ಚಿ ಕೈ ಮುಗಿದ್ರಿ. ಈ ನವರಾತ್ರೀಲಿ ಪೂಜೆ ಬೇಡ. ಎಲ್ಲಾರನ್ನೂ ಕೂರಿಸ್ಕೊಂಡು ಓದಿ." ಅವರು ಫೋನ್ ಇಟ್ಟುಬಿಟ್ಟರು. ಸುಟ್ಟಿಲ್ಲ ಎಂದು ಆಮೇಲೆ ಚಿಕ್ಕಮ್ಮ ಹೇಳಿದರು.

ಮುಂದಿನ ದಿನಗಳು ಹೇಗೆ ಕಳೆದವೋ. ಜಯಮ್ಮನವರು ನಮ್ಮಲ್ಲೇ ಇದ್ದರು. ಎಲ್ಲಿಗೆ ಹೋಗುತ್ತಾರೆ ಪಾಪ, ಗುರುತಿಲ್ಲದ ದೇಶ. ಬೆಳಿಗ್ಗೆ ಬೇಗ ಎದ್ದು ಒಬ್ಬರೇ ನಡೆದುಬರುತ್ತಿದ್ದರು, ನಾನಿಟ್ಟ ತಿಂಡಿ ತಿನ್ನುತ್ತಿದ್ದರು, ತಟ್ಟೆ ತಾವೇ ತೊಳೆದಿಡುತ್ತಿದ್ದರು. ಕ್ಷಮಿಸಿ ಎನ್ನಲು ಬಾಯಿ ತೆರೆದಾಗಲೆಲ್ಲ, ಯಾರ ಪರವಾಗಿ, ಯಾರಿಗೆ ಎಂದು ತಿಳಿಯದೆ ಮುಚ್ಚಿಕೊಳ್ಳುತ್ತಿದ್ದೆ. ಸಂಜನಾ ತ್ಸುಕುಬಾಕ್ಕೆ ಹೋಗದೆ ಕೋಣೆ ಸೇರಿದ್ದಳು. ಮದುವೆ ಇದೆಯೋ ಇಲ್ಲವೋ ಎಂದು ಕೇಳುವ ಧೈರ್ಯ ನಮಗೆ ಮೂವರಿಗೂ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ, ಅಂದರೆ ಮದುವೆಯ ಹಿಂದಿನ ದಿನ, ಜಯಮ್ಮನವರೇ ಬಂದು, "ಆ ಹಾಲ್ ಒಂದ್ಸಲ ನೋಡೋಣ, ಬನ್ನಿ" ಎಂದರು. ಇಬ್ಬರೂ ನಡೆದೇ ಹೋದೆವು. ನಿಶಿದಾ ಸಾನ್ ಬಾಗಿಲು ತೆರೆದುಕೊಟ್ಟು, ನಮಗಾಗಿ ತೆಗೆದಿರಿಸಿದ್ದ ನೀಲಿ ಹಾಳೆಯನ್ನು ತೋರಿಸಿ ಹೊರಗೆ ಹೋದರು. ನಾವಿಬ್ಬರೂ ಆ ಕಡೆ ಈ ಕಡೆ ಹಿಡಿದು ಅದನ್ನು ನೆಲಕ್ಕೆ ಹಾಸಿದೆವು. ಮಡಿಕೆಗಳನ್ನು ಅವರು ಕಾಲಿನಿಂದ ಸರಿಮಾಡಿದರು.

ನಾನು ಚೀಲದಿಂದ ಹೊಸ ಸ್ಟೀಲ್ ಚೊಂಬು ತೆಗೆದೆ. ಅದಕ್ಕಾಗಿ ಇಂಡಿಯನ್ ಅಂಗಡಿಗಳನ್ನೆಲ್ಲ ಜಾಲಾಡಿದ್ದೆ. "ಇದರಲ್ಲಿ ಎರೆಯೋಣ ಜಯಮ್ಮನವರೇ. ನೀವು ಹೇಳಿದ ಹಾಗೇ."

ಅವರು ಚೊಂಬನ್ನು ನೋಡಿದರು, ನನ್ನನ್ನು ನೋಡಿದರು.

"ಪಾತ್ರೆ ವಿಷಯ ಅಲ್ಲ, ಕೋಕಿಲಾ ಅವರೇ. ಇಷ್ಟು ದಿನ ನಾನು ಯೋಚನೆ ಮಾಡಿದ್ದು ಈ ಮದುವೆ ಆಗಬೇಕಾ ಬೇಡ್ವಾ ಅಂತ. ಬೇಡ ಅಂತಾನೂ ಅನ್ನಿಸ್ತು, ಸುಳ್ಳು ಹೇಳಲ್ಲ. ನಿತೀಶನ್ನ ಕೇಳಿದೆ. ಆ ಹುಡುಗಿ ಬೇಕು ಅಂದ, ಆ ಮನೆ ಬೇಡ ಅಂದ. ನನಗೂ ಅಷ್ಟೇ." ಅವರು ಹಾಳೆಯ ಅಂಚಿನಲ್ಲಿ ನಿಂತಿದ್ದರು. "ಧಾರೆ ಬೇಡ. ನೀವು ಕೊಡೋದು, ನಾವು ತಗೊಳೋದು, ಅದು ಬೇಡ. ನಿಮ್ಮನೇಗೂ ನಮ್ಮನೇಗೂ ಮಧ್ಯೆ ಇನ್ಮೇಲೆ ಯಾರೂ ಯಾವ ಹೆಣ್ಣುಮಗೂನೂ ಕೊಡಬಾರದು. ಅವಳೇ ನಡ್ಕೊಂಡು ಬರ್ಲಿ. ಬರೋಕೆ ಇಷ್ಟ ಇದ್ರೆ."

ಎಷ್ಟು ವರ್ಷದ ಆಸೆ ನನ್ನದು. ಸಂಜನಾ ಹುಟ್ಟಿದಾಗ ಅಪ್ಪ ಫೋನಿನಲ್ಲಿ ಮೊದಲು ಆಡಿದ ಮಾತು, "ಗಿಂಡಿಗೆ ಕೆಲಸ ಬಂತು" ಎಂದು. ಒಳಗೊಳಗೇ ಏನೋ ಹಟ ಮಾಡಿತು, ಇದೊಂದಾದರೂ ಉಳಿಯಲಿ ಎಂದು. ಮೊಲೆ ಬಿಡದ ಮಗುವನ್ನು ಎತ್ತಿಕೊಂಡು ಹೋದಾಗ ತುಕ್ರು ಏನು ಹಟ ಮಾಡಿದಳೋ, ಅದನ್ನು ಯಾರು ಬರೆದಿದ್ದಾರೆ? ಚೊಂಬನ್ನು ಚೀಲಕ್ಕೆ ವಾಪಸ್ಸು ಹಾಕಿದೆ.

"ಆಯ್ತು" ಎಂದೆ.

ಶನಿವಾರ ಮದುವೆಯಾಯಿತು. ಬಂದದ್ದು ಕೆಲವೇ ಜನ. ನಿತೀಶ್ ಹಾಳೆಯ ಆ ಕಡೆ ತಾಯಿಯ ಪಕ್ಕದಲ್ಲಿ ನಿಂತಿದ್ದ. ಈ ಕಡೆ ನಾನು, ಗುರುರಾಜ್, ನಡುವೆ ಸಂಜನಾ. ಗುರುರಾಜ್ ಅಭ್ಯಾಸಬಲದಿಂದ ಅವಳ ಕೈ ಹಿಡಿಯಲು ಹೋದರು, ನೆನಪಾಗಿ ಬಿಟ್ಟರು. ಅವಳು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಸೀರೆಯ ನೆರಿಗೆ ಎತ್ತಿಕೊಂಡು, ನೀಲಿ ಹಾಳೆಯ ಮೇಲೆ ಒಬ್ಬಳೇ ನಡೆದುಹೋದಳು. ಹಾಳೆ ಚರಚರ ಎಂದಿತು. ಜಯಮ್ಮನವರು ಅವಳನ್ನು ಬರಮಾಡಿಕೊಳ್ಳಲು ಒಂದು ಹೆಜ್ಜೆ ಮುಂದೆ ಬಂದರು. ನನ್ನ ಎರಡು ಕೈಗಳನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

ಎಲ್ಲರೂ ಹೋದ ಮೇಲೆ ನಿಶಿದಾ ಸಾನ್ ನೆಲ ಒದ್ದೆಯಾಗಿದೆಯೇ ಎಂದು ನೋಡಲು ಬಂದರು. ಬಗ್ಗಿ ಹಾಳೆಯನ್ನು ಮುಟ್ಟಿದರು. ಒಣಗಿತ್ತು. ನೀರು ಬೇಡವಾಯಿತೇ ಎಂದು ಕೇಳಿದರು.

ಯಾರಾದರೂ ಕೇಳಿದರೆ ಪೂರ್ತಿ ಹೇಳಿ ಎಂದಿದ್ದರು ಜಯಮ್ಮನವರು. ಕೇಳಿದವರಲ್ಲಿ ಇವರೇ ಮೊದಲಿಗರು. ಅವರಿಗೆ ಕುರ್ಚಿ ಎಳೆದು ಕೂರಿಸಿ, ನನ್ನ ಅರೆಬರೆ ಜಪಾನಿಯಲ್ಲಿ ಗಿಂಡಿಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಅವರು ಮಧ್ಯದಲ್ಲಿ ಗೋಣು ಹಾಕುವುದನ್ನು ನಿಲ್ಲಿಸಿದರು. ಮುಗಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು.

"ಆ ಮಗುವಿನ ಹೆಸರೇನು?"

ಗಿಂಡಿಯ ಮೂತಿ ಸೊಟ್ಟ ಎಂದು ಬರೆದಿದ್ದರು.

"ಬರೆದಿಲ್ಲ" ಎಂದೆ.